ಅವ್ವನ ಪಾಲಿನ ಮುಂದಿನ ಸೀಟು

ಚಿಕ್ಕೋಡಿಯಲ್ಲಿ ಕಾರು ತಗೊಳ್ಳಬೇಕೆಂದವರು ಮೊದಲು ಜ್ಞಾನದೇವನ ಮನೆಗೆ ಬಂದು ಚಹಾ ಕುಡಿಯುತ್ತಿದ್ದರು, ಆಮೇಲೆ ಶೋರೂಮಿಗೆ ಹೋಗುತ್ತಿದ್ದರು. ಚಹಾ ಮಾಡಿ ಕೊಡುತ್ತಿದ್ದವಳು ಅವನ ಹೆಂಡತಿ ನೀಲಮ. ಜ್ಞಾನದೇವ ಹೈಸ್ಕೂಲಿನಲ್ಲಿ ಗುಮಾಸ್ತ. ಅವನ ಸ್ವಂತದ್ದೆಂದರೆ ಒಂದು ಹಳೇ ಸ್ಕೂಟರು. ಅದೂ ಬೆಳಿಗ್ಗೆ ಒಂದು ಕಡೆ ವಾಲಿಸಿ, ನಾಲ್ಕು ಬೈಗುಳ ಬೈದು, ಒದ್ದ ಮೇಲೆಯೇ ಎದ್ದೇಳುತ್ತಿತ್ತು. ಆದರೆ ಕಾರಿನ ಮಾತು ಬಂದರೆ ಸಾಕು, ಮನುಷ್ಯ ತಟ್ಟೆಯಲ್ಲಿ ಊಟ ಆರುವುದನ್ನೂ ಮರೆಯುತ್ತಿದ್ದ.

ಒಂದು ಸಲ ಕೊಗನೊಳ್ಳಿಯಿಂದ ಅಣ್ಣಾಸಾಬ ಎಂಬ ಮಾಸ್ತರ ಬಂದಿದ್ದ. ಕೊಲ್ಲಾಪುರದಲ್ಲಿ ಒಂದು ಹಳೇ ಕಾರು ನೋಡಿಟ್ಟಿದ್ದ, ಎಂಎಚ್ ಪಾಸಿಂಗ್. ಗಾಡಿ ಯಾವ ರಾಜ್ಯದ ನಂಬರಿನದು ಎಂಬುದಕ್ಕೆ ಈ ಗಡಿಯ ಜನ ಪಾಸಿಂಗ್ ಎನ್ನುತ್ತಾರೆ.

"ಸಸ್ತಾ ಕೊಡಾಕತ್ತಾರ, ತಗೋಬೇಕಂತೀನಿ" ಎಂದ ಅಣ್ಣಾಸಾಬ.

"ಸಸ್ತಾ ಇರ್ತೈತಿ ಮಾಸ್ತರ. ಇಲ್ಲಿಗೆ ತಂದು ಟ್ಯಾಕ್ಸ್ ಕಟ್ಟಿ, ಕೆಎ ಪಾಸಿಂಗ್ ಮಾಡ್ಸೂದ್ರಾಗ ಆ ಸಸ್ತಾ ಹಾರಿ ಹೋಗ್ತೈತಿ" ಎಂದ ಜ್ಞಾನದೇವ. "ಡೀಸೆಲ್ ಐತೋ ಪೆಟ್ರೋಲ್ ಐತೋ? ದಿನಾ ಓಡ್ಸಾಂವಗ ಡೀಸೆಲ್ ಚಲೋ. ವಾರಕ್ಕೊಮ್ಮೆ ಸಂತಿಗೆ ಹೋಗಾಂವ ಡೀಸೆಲ್ ತಗೊಂಡು, ನಾಳೆ ಇಂಜಿನ್ ಕೆಲಸಕ್ಕ ಬಂತಂದ್ರ ತಲಿ ಮ್ಯಾಲ ಕೈ ಹೊತ್ತು ಕುಂಡ್ರತಾನ. ಮತ್ತೊಂದು ಹೇಳ್ತೀನಿ ಕೇಳ್ರಿ. ನಿಮ್ಮೂರಾಗಿನ ಮಿಸ್ತ್ರಿಗೆ ಬಿಚ್ಚಾಕ ಬರೋ ಗಾಡಿ ತಗೋರಿ. ಬಿಚ್ಚಾಕ ಬರೂದಿಲ್ಲ ಅಂದ್ರ ಅದು ಗಾಡಿ ಅಲ್ಲ, ಬೀಗರು. ಸಿಟ್ಟಾದಾಗೆಲ್ಲಾ ಕೊಲ್ಲಾಪುರಕ್ಕ ಹೋಗಿ ಕೈ ಮುಗೀಬೇಕು."

ಅಣ್ಣಾಸಾಬ ನಕ್ಕು, ಎರಡನೇ ಕಪ್ಪು ಚಹಾ ಕುಡಿದು ಹೋದ. ಹದಿನೈದು ದಿನಕ್ಕೆ ಅದೇ ಎಂಎಚ್ ಪಾಸಿಂಗ್ ಕಾರು ತಂದ. ಕೇಳುವವರೆಲ್ಲ ಹಾಗೆಯೇ. ಅಭಿಪ್ರಾಯ ಜ್ಞಾನದೇವನದು, ಕಾರು ಅವರವರದು. ನೀಲಮ ಖಾಲಿ ಕಪ್ಪು ಎತ್ತಿಕೊಳ್ಳುತ್ತ, ಊರಿಗೆಲ್ಲ ಕಾರು ಕೊಡಿಸಿದ ಈ ಮನುಷ್ಯ ತನ್ನ ಮನೆಗೆ ಒಂದನ್ನು ಯಾವಾಗ ತರುತ್ತಾನೋ ಎಂದುಕೊಳ್ಳುತ್ತಿದ್ದಳು.

ಅವಳಿಗೆ ಕಾರು ಮೆರೆಯಲಿಕ್ಕೆ ಬೇಕಾಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದರ ಮುಂದಿನ ಸೀಟು, ಅದೂ ತನಗಲ್ಲ. ತೆಲಸಂಗದಲ್ಲಿದ್ದ ಅವ್ವ ಭೀಮಾಬಾಯಿಗೆ.

ಭೀಮಾಬಾಯಿಗೆ ಬಸ್ಸು ಆಗಿಬರುತ್ತಿರಲಿಲ್ಲ. ದ್ರಾಕ್ಷಿ ತೋಟದಲ್ಲಿ ಸುಡುವ ಬಿಸಿಲಿನಲ್ಲಿ ದಿನವಿಡೀ ದುಡಿಯುವ ಹೆಂಗಸು, ಜ್ವರ ಬಂದರೂ ಮಲಗಿದವಳಲ್ಲ. ಅಂಥವಳು ಬಸ್ಸಿನ ಮೆಟ್ಟಿಲು ಹತ್ತಿ ಆ ಡೀಸೆಲ್ ವಾಸನೆ ಮೂಗಿಗೆ ಬಡಿಯಿತೆಂದರೆ ಕರುಳೇ ಕಿತ್ತು ಬರುವಂತೆ ವಾಂತಿ ಮಾಡಿಕೊಳ್ಳುತ್ತಿದ್ದಳು. ನೀಲಮಳ ಮದುವೆಯ ದಿಬ್ಬಣ ಚಿಕ್ಕೋಡಿಗೆ ಹೊರಟಾಗ ಟೆಂಪೊ ಹತ್ತಿದವಳು ಊರ ಹೊರಗಿನ ಹಳ್ಳ ದಾಟುವಷ್ಟರಲ್ಲಿ ಬೆವತು ಬಿಳುಚಿಕೊಂಡು ಇಳಿದುಬಿಟ್ಟಳು. ಮಗಳನ್ನು ಅಲ್ಲಿಂದಲೇ ಕಳಿಸಿದಳು. ಅಂದಿನಿಂದ ಮಗಳ ಮನೆ ಎಂಬುದು ಅವಳಿಗೆ ಬಾಯಿಮಾತಿನಲ್ಲಿ ಕೇಳಿದ ಮನೆಯೇ ಆಗಿ ಉಳಿಯಿತು.

ಒಂದೇ ಒಂದು ಸಲ ಅವಳು ಕಾರಿನಲ್ಲಿ ಕೂತಿದ್ದಳು. ತೋಟದಲ್ಲಿ ಕಾಲಿಗೆ ಕಬ್ಬಿಣದ ತಂತಿ ಚುಚ್ಚಿ ರಕ್ತ ನಿಲ್ಲದೆ ಹೋದಾಗ, ತೋಟದ ಮಾಲಕ ಮುರಗೆಪ್ಪ ತನ್ನ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಅಥಣಿ ದವಾಖಾನೆಗೆ ಕರೆದೊಯ್ದ. ಗ್ಲಾಸು ಇಳಿಸಿತ್ತು, ಮುಖಕ್ಕೆ ಗಾಳಿ ಬಡಿಯುತ್ತಿತ್ತು. ಹೋಗುವಾಗಲೂ ಬರುವಾಗಲೂ ವಾಂತಿಯ ಸುಳಿವಿಲ್ಲ. ಕಾಲಿನ ನೋವಿಗಿಂತ ಆ ಸಂಗತಿಯನ್ನೇ ಅವಳು ಓಣಿಯ ತುಂಬ ಹೇಳಿಕೊಂಡು ಬಂದಳು.

ಮುರಗೆಪ್ಪನ ಹೆಂಡತಿ ಕೆಂಚವ್ವ ಒಳ್ಳೆಯ ಹೆಂಗಸು, ಆದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. "ಹಂಗಾದ್ರ ನಮ್ಮ ಗಾಡ್ಯಾಗನ ನಿನ್ನ ಮಗಳ ಮನಿಗೆ ಬಿಟ್ಟ ಬರ್ತಾರ ತಗೋ. ಎಷ್ಟ ದಿನ ಇಲ್ಲೇ ಕುಂತು ನೆನಸತಿ?" ಎಂದಳು.

"ಬ್ಯಾಡ್ರಿ ಅಕ್ಕಾರ" ಎಂದಳು ಭೀಮಾಬಾಯಿ. "ನನ್ನ ಮಗಳ ಗಾಡಿ ಬರ್ತೈತಿ. ಅದರಾಗ ಹೋಗ್ತೀನಿ."

ಇಷ್ಟೇ ಮಾತು. ಹತ್ತು ಜನ ಆಳುಗಳ ಎದುರು ಆಡಿಬಿಟ್ಟಿದ್ದಳು, ಇನ್ನು ನುಂಗುವಂತಿಲ್ಲ. ಬಾಡಿಗೆ ಗಾಡಿ ಮಾಡಿಕೊಂಡು ಬರುತ್ತೇವೆ ಎಂದು ನೀಲಮ ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಹಟಮಾರಿ ಮುದುಕಿ ಎಂದು ನೀವು ಅನ್ನಬಹುದು. ಜೀವನವಿಡೀ ಬೇರೆಯವರ ತೋಟ, ಬೇರೆಯವರ ಬಾವಿಯನ್ನೇ ನೆಚ್ಚಿ ಬದುಕಿ, ಕೂತ ಒಂದು ಕಾರೂ ಬೇರೆಯವರದೇ ಆದವಳಿಗೆ ಒಂದು ಹಟವನ್ನಾದರೂ ಸ್ವಂತದ್ದಾಗಿ ಇಟ್ಟುಕೊಳ್ಳುವ ಹಕ್ಕಿಲ್ಲವೇ?

ಹಾಗಾಗಿ ಹೋಗುವುದು ಬರುವುದು ನೀಲಮಳ ಪಾಲಿಗೇ ಬಿತ್ತು. ವರ್ಷಕ್ಕೆರಡು ಸಲ ಬಸ್ಸಿನಲ್ಲಿ ತೆಲಸಂಗಕ್ಕೆ ಹೋಗುತ್ತಿದ್ದಳು. ಅವಳು ಅಂಗಳಕ್ಕೆ ಕಾಲಿಟ್ಟೊಡನೆ ಅವ್ವ "ನಿಂದ್ರ ಅಲ್ಲೇ, ಹೊಸ್ತಿಲಾ ದಾಟಬ್ಯಾಡ" ಎಂದು ಕೂಗಿ, ಒಳಗಿನಿಂದ ರೊಟ್ಟಿಯ ತುಣುಕು, ತಂಬಿಗೆ ನೀರು ತರುತ್ತಿದ್ದಳು. ಮಗಳ ಮುಖದ ಸುತ್ತ ನಿವಾಳಿಸಿ, ತುಣುಕನ್ನು ಆಚೆ ಎಸೆದು, ನೀರು ಚೆಲ್ಲಿ, "ಎಷ್ಟ ಸೊರಗಿಯಲ್ಲಬೇ! ಒಳಗ ಬಾ" ಎನ್ನುತ್ತಿದ್ದಳು. ನೀಲಮ ಸೊರಗಿರುತ್ತಿರಲಿಲ್ಲ. ಮದುವೆಯಾದ ಮೇಲೆ ಮೈ ತುಂಬಿಕೊಂಡಿದ್ದಳು. ಆದರೂ ಆ ಮಾತಿಗಾಗಿ ಅವಳು ಮೂರು ತಾಸು ಬಸ್ಸಿನಲ್ಲಿ ಕುಲುಕಾಡಿಕೊಂಡು ಬರುತ್ತಿದ್ದಳು.

ಗಂಡನಿಗೆ ಇದೆಲ್ಲ ಗೊತ್ತಿತ್ತು. ಅವನು ಕೆಟ್ಟವನಲ್ಲ, ಕಾರು ತರುತ್ತೇನೆ ಎಂದು ನಿಜವಾಗಿಯೂ ಅಂದುಕೊಂಡಿದ್ದ. ಅವನ ಕಷ್ಟವೇ ಬೇರೆ. ಕಾರಿನ ಬಗ್ಗೆ ಅಷ್ಟು ತಿಳಿದುಕೊಂಡವನಿಗೆ ಯಾವ ಕಾರೂ ಪೂರಾ ಸರಿ ಕಾಣುತ್ತಿರಲಿಲ್ಲ. ಹೊಸದು ತಂದರೆ ಗಲ್ಲಿಯಲ್ಲಿ ನಿಲ್ಲಿಸಲು ಜಾಗ ಎಲ್ಲಿ? ಕಬ್ಬಿನ ಹಂಗಾಮಿನಲ್ಲಿ ಟ್ರೇಲರಿನಿಂದ ಚಾಚಿಕೊಂಡ ಕಬ್ಬು ಬಾಗಿಲಿಗೆ ಗೀಚು ಎಳೆದು ಹೋದರೆ ಬಣ್ಣಕ್ಕೆ ಯಾರು ಹಣ ಕೊಡುತ್ತಾರೆ? ಹಳೆಯದು ತಂದರೆ ಹಿಂದಿನವನು ಯಾವ ಗುಂಡಿಗೆ ಹೊಡೆದಿದ್ದನೋ ಯಾರಿಗೆ ಗೊತ್ತು? ದಿನಾ ಓಡಿಸದೆ ನಿಲ್ಲಿಸಿದರೆ ಬ್ಯಾಟರಿ ಸಾಯುತ್ತದೆ, ಓಡಿಸಿದರೆ ಟೈರು ಸವೆಯುತ್ತದೆ. "ಗಾಡಿ ತಗೊಳ್ಳೂದು ಒಂದು ದಿನದ ಕೆಲಸ, ನೀಲಾ. ಆಮ್ಯಾಲ ಅದನ್ನ ದಿನಾ ಸಾಕಬೇಕಲ್ಲ" ಎನ್ನುತ್ತಿದ್ದ.

ಆದರೂ ನೋಡುವುದನ್ನು ಬಿಡಲಿಲ್ಲ. ರಾಯಬಾಗದಲ್ಲಿ ಯಾರೋ ಮಾರುತಿ ಮಾರುತ್ತಾರೆಂದರೆ ಅಲ್ಲಿಗೆ, ಮುಗಳಖೋಡದಲ್ಲಿ ವ್ಯಾಪಾರಿಯೊಬ್ಬ ವ್ಯಾನು ಮಾರುತ್ತಾನೆಂದರೆ ಅಲ್ಲಿಗೆ, ನಿಪ್ಪಾಣಿಯಲ್ಲಿ ಹೊಸ ಕಾರುಗಳ ಮೇಳ ಹಾಕಿದ್ದಾರೆಂದರೆ ಅಲ್ಲಿಗೆ, ಸ್ಕೂಟರಿನ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಹೋಗುತ್ತಿದ್ದ. ಅವನು ಬಾನೆಟ್ ಎತ್ತಿ ಒಳಗೆ ತಲೆ ಹಾಕಿದರೆ, ನೀಲಮ ಮುಂದಿನ ಬಾಗಿಲು ತೆಗೆದು ಸೀಟಿನಲ್ಲಿ ಕೂರುತ್ತಿದ್ದಳು. ಗ್ಲಾಸು ಇಳಿಸಿ ನೋಡುತ್ತಿದ್ದಳು. ಅವ್ವನ ಮೊಣಕಾಲು ನೋಯುತ್ತದೆ, ಕಾಲು ಚಾಚಲು ಜಾಗ ಸಾಕೇ? ಸೀಟು ಬಹಳ ಎತ್ತರವೇ? ಅವ್ವ ಕೈ ಎಲ್ಲಿ ಇಟ್ಟುಕೊಳ್ಳುತ್ತಾಳೆ? ಕಣ್ಣು ಮುಚ್ಚಿದರೆ ಕಾಗವಾಡದ ರಸ್ತೆ, ಅವ್ವನ ಮುಖಕ್ಕೆ ಬಡಿಯುವ ಗಾಳಿ. ಅಷ್ಟರಲ್ಲಿ ಗಂಡ ಬಾನೆಟ್ ಮುಚ್ಚಿ, "ಆಯಿಲ್ ಸೋರಾಕತ್ತೈತಿ, ಬಾ ಇಳಿ" ಎನ್ನುತ್ತಿದ್ದ. ಅವಳು ಅವ್ವನನ್ನೂ ಇಳಿಸಿಕೊಂಡು ಬರುತ್ತಿದ್ದಳು.

ಹೀಗೆ ಎಷ್ಟೋ ಕಾರುಗಳಿಂದ ಇಳಿದಳು. ನೋಡುತ್ತ ನೋಡುತ್ತ ವರ್ಷಗಳು ಉರುಳಿದವು. ತೆಲಸಂಗದಲ್ಲಿ ಭೀಮಾಬಾಯಿಯ ಕೈಗೂ ಒಂದು ಮೊಬೈಲು ಬಂತು. ಪ್ರತಿ ರವಿವಾರ ಅವಳು ಕೇಳುತ್ತಿದ್ದದ್ದು ಒಂದೇ: "ಗಾಡಿ ನೋಡ್ಯಾರೇನಬೇ ಅಳಿಯಾರು?"

"ನೋಡಾಕತ್ತಾರಬೇ" ಎಂದು ನೀಲಮ ಹೇಳುತ್ತಿದ್ದಳು. ಹೇಳಿ ಹೇಳಿ ಆ ಮಾತು ಅವಳ ಬಾಯಲ್ಲೇ ಸಪ್ಪಗಾಗಿತ್ತು.

ಎರಡು ಸಾವಿರದ ಹದಿಮೂರರ ಬೇಸಿಗೆಯಲ್ಲಿ ಸ್ಕೂಟರು ಕೈ ಎತ್ತಿತು. ಒದ್ದರೂ ಏಳಲಿಲ್ಲ, ಬೈದರೂ ಏಳಲಿಲ್ಲ. ಮಿಸ್ತ್ರಿ ಸತ್ತೆಪ್ಪ ಬಿಚ್ಚಿ ನೋಡಿ, "ಇನ್ನ ಇದಕ್ಕ ಹಾಕೂ ರೊಕ್ಕ ಹಳ್ಳಕ್ಕ ಹಾಕಿದಂಗ, ಸಾಹೇಬ್ರ" ಎಂದ. ಜ್ಞಾನದೇವ ಎರಡು ದಿನ ಮುಖ ಬಾಡಿಸಿಕೊಂಡು ನಡೆದೇ ಹೈಸ್ಕೂಲಿಗೆ ಹೋದ. ಮೂರನೇ ದಿನ ಸಂಜೆ ನೀಲಮಳಿಗೆ ಫೋನು ಮಾಡಿದ. ದನಿಯಲ್ಲಿ ಹುರುಪಿತ್ತು.

"ನೀಲಾ, ಗಾಡಿ ತಗೊಂಡೆ! ಹೊರಗ ಬಂದು ನಿಂದ್ರು. ಒಂದು ಲಿಂಬಿಹಣ್ಣು ಇಟ್ಕೊ, ಹತ್ತು ಮಿನಿಟ್ನ್ಯಾಗ ಬಂದೆ."

ಲಿಂಬೆಹಣ್ಣು ಹುಡುಕುವ ಮೊದಲು ನೀಲಮ ತೆಲಸಂಗಕ್ಕೆ ಫೋನು ಹಚ್ಚಿದಳು. "ಅವ್ವಾ, ಗಾಡಿ ಬಂತಬೇ! ರವಿವಾರ ಬರ್ತೀವಿ, ತಯಾರಾಗಿರು!" ಆ ಕಡೆ ಫೋನನ್ನು ಕಿವಿಯಿಂದ ದೂರ ಹಿಡಿದು ಅವ್ವ ಓಣಿಗೆಲ್ಲ ಕೂಗಿ ಹೇಳುತ್ತಿರುವುದು ಕೇಳಿಸಿತು.

ಈ ಸೀಮೆಯಲ್ಲಿ ಗಾಡಿ ಎಂಬ ಮಾತು ಬಹಳ ಧಾರಾಳ. ಎತ್ತು ಹೂಡಿದ್ದೂ ಗಾಡಿ, ಮಿರಜಿಗೆ ಹೋಗುವ ರೈಲೂ ಗಾಡಿ, ನಾಲ್ಕು ಗಾಲಿಯದೂ ಗಾಡಿ, ಎರಡು ಗಾಲಿಯದೂ ಗಾಡಿ. ಕನ್ನಡದವರೂ ಹಾಗೇ ಅನ್ನುತ್ತಾರೆ, ಮರಾಠಿಯವರೂ ಹಾಗೇ ಅನ್ನುತ್ತಾರೆ. ಕೇಳಿದವರು ತಮ್ಮ ಮನಸ್ಸಿನಲ್ಲಿರುವ ಗಾಡಿಯನ್ನೇ ಕೇಳಿಸಿಕೊಳ್ಳುತ್ತಾರೆ. ನೀಲಮ ಲಿಂಬೆಹಣ್ಣು ಹಿಡಿದು ಹೊರಗೆ ಬಂದು ನಿಂತಾಗ ಗಲ್ಲಿಯ ತಿರುವಿನಲ್ಲಿ ಬಂದದ್ದು ಕೆಂಪು ಬಣ್ಣದ ಒಂದು ಮೋಟರ್ ಸೈಕಲ್. ಹ್ಯಾಂಡಲಿಗೆ ಚೆಂಡುಹೂವಿನ ಹಾರ, ಮೇಲೆ ಹಲ್ಲು ಬಿಟ್ಟುಕೊಂಡು ಜ್ಞಾನದೇವ.

"ಹೆಂಗೈತಿ?" ಎಂದ ಅವನು. "ಖರ್ಚಿಲ್ಲ, ಗದ್ದಲಿಲ್ಲ. ಮಿಸ್ತ್ರಿ ಎಲ್ಲಾ ಊರಾಗೂ ಸಿಗ್ತಾನ. ಕಾರ್ ಬರೂತನಕ ಇದು."

ಅವಳು ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟಳು. ಇಟ್ಟ ಮೇಲೆ ಅಲ್ಲಿಯೇ ಕುಕ್ಕರಗಾಲಲ್ಲಿ ಕೂತು ಅತ್ತಳು. ಅವ್ವನಿಗೆ ಹೇಳಿಬಿಟ್ಟೆ ಎಂದಳು. ವಿಷಯ ತಿಳಿದ ಮೇಲೆ ಜ್ಞಾನದೇವನ ಹಲ್ಲು ಒಳಗೆ ಹೋದವು. ಫೋನು ಮಾಡಿ ನಿಜ ಹೇಳಬೇಕೆಂದು ನೀಲಮ ಎರಡು ದಿನ ಒದ್ದಾಡಿದಳು. ಮಾಡಿದಾಗಲೆಲ್ಲ ಅವ್ವನೇ ಮೊದಲು ಮಾತು ತೆಗೆಯುತ್ತಿದ್ದಳು. ಹೊಸ ಸೀರೆ ಉಟ್ಟುಕೊಳ್ಳಲೋ ಹಳೆಯದೋ, ಶೇಂಗಾ ಹೋಳಿಗೆ ಎಷ್ಟು ಕಟ್ಟಿಕೊಳ್ಳಲಿ, ಮನೆಯಲ್ಲಿ ರೊಟ್ಟಿ ಬಡಿಯುವ ಕಲ್ಲು ಐತೋ ಇಲ್ಲೋ. ಅದನ್ನೆಲ್ಲ ಕೇಳಿದ ಮೇಲೆ ನಿಜ ಹೇಳಲು ಬಾಯಿ ಬರುತ್ತಿರಲಿಲ್ಲ.

ರವಿವಾರ ಇಬ್ಬರೂ ಆ ಕೆಂಪು ಗಾಡಿಯ ಮೇಲೆಯೇ ತೆಲಸಂಗಕ್ಕೆ ಹೋದರು. ಓಣಿಯ ಬಾಯಿಯಲ್ಲಿ ಹೆಂಗಸರು ನೆರೆದಿದ್ದರು. ನಡುವೆ ಕೆಂಚವ್ವನೂ ಇದ್ದಳು. ಭೀಮಾಬಾಯಿ ಹಸಿರು ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಮಡಿಲಲ್ಲಿ ದೊಡ್ಡ ಗಂಟು ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಮೋಟರ್ ಸೈಕಲ್ ಬಂದು ನಿಂತಾಗ ಅವಳು ಅದನ್ನು ನೋಡಲಿಲ್ಲ. ಅದರ ಹಿಂದಿನ ಖಾಲಿ ರಸ್ತೆಯನ್ನು ನೋಡಿದಳು. ಅದನ್ನು ಕಂಡು ನೀಲಮಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಗಾಡಿ ಬರ್ತೈತಿ ಅಂದಿದ್ದಿಯಲ್ಲಬೇ ಭೀಮಾಬಾಯಿ?" ಎಂದಳು ಕೆಂಚವ್ವ.

ಭೀಮಾಬಾಯಿ ಎದ್ದಳು. ಮಗಳ ಮುಖ ನೋಡಿದಳು, ಅಲ್ಲಿ ಏನಿತ್ತೋ ಅದನ್ನೆಲ್ಲ ಓದಿಕೊಂಡಳು. ಆಮೇಲೆ ಗಾಡಿಯ ಸುತ್ತ ಒಂದು ಸಲ ನಡೆದು ಬಂದಳು.

"ಮತ್ತ ಇದೇನ್ ಎಮ್ಮಿಯೇನ್ರಿ ಅಕ್ಕಾರ? ಗಾಡೀನ ಐತಿ" ಎಂದಳು. "ನನ್ನ ಮಗಳ ಗಾಡಿ." ಅಳಿಯನ ಕಡೆ ತಿರುಗಿ, ಸೆರಗು ಸರಿಪಡಿಸಿಕೊಂಡು, "ಇದರಾಗ ಮುಂದಿನ ಸೀಟ್ ಯಾವ್ದ್ರಿ ಅಳಿಯಾರ?" ಎಂದು ಕೇಳಿದಳು.

ಹೆಂಗಸರೆಲ್ಲ ನಕ್ಕರು. ಕೆಂಚವ್ವನೂ ನಕ್ಕಳು, ನಕ್ಕು ಕಣ್ಣು ಒರೆಸಿಕೊಂಡು ಗಂಟಿನೊಳಗೆ ಒಂದು ಹಿಡಿ ಒಣದ್ರಾಕ್ಷಿ ತುರುಕಿದಳು. ಜ್ಞಾನದೇವ ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ಹಿಂದಿನ ಸೀಟಿನ ಧೂಳನ್ನು ತನ್ನ ಕರವಸ್ತ್ರದಿಂದ ಒರೆಸಿದ.

ಮೂವರು ಕೂರುವಂತಿರಲಿಲ್ಲ. ನೀಲಮ ತನ್ನ ಜಾಗ ಬಿಟ್ಟುಕೊಟ್ಟು ಬಸ್ಸಿಗೆ ನಿಂತಳು. ಅತ್ತೆ ಅಳಿಯನನ್ನು ಮುಟ್ಟುವಂತಿಲ್ಲ ಎಂದು ತಿಳಿದ ಹಳೆಯ ಕಾಲದ ಹೆಂಗಸು ಭೀಮಾಬಾಯಿ. ಒಂದು ಮಗ್ಗುಲಿಗೆ ಕೂತು, ತನಗೂ ಅಳಿಯನಿಗೂ ನಡುವೆ ಆ ಗಂಟನ್ನು ಗಡಿಕಲ್ಲಿನಂತೆ ಇಟ್ಟುಕೊಂಡು, ಹಿಂದಿನ ಹಿಡಿಕೆಯನ್ನು ಒಂದೇ ಕೈಯಲ್ಲಿ ಬಿಗಿಯಾಗಿ ಹಿಡಿದಳು. "ಅವ್ವಾ, ಅವರ ಹೆಗಲ ಹಿಡ್ಕೊಬೇ, ಬೀಳ್ತಿ" ಎಂದು ನೀಲಮ ಅಂದರೆ, "ಛೀ, ಸುಮ್ನಿರು" ಎಂದು ಗದರಿದಳು. ಗಾಡಿ ಧೂಳೆಬ್ಬಿಸಿಕೊಂಡು ಅಥಣಿಯ ಕಡೆ ಹೋಯಿತು.

ಅಥಣಿಯಲ್ಲಿ ಬಸ್ಸು ಬದಲಾಯಿಸಿ ನೀಲಮ ಕಿಟಕಿಯ ಪಕ್ಕ ಕೂತಳು. ಕಾಗವಾಡ ದಾಟುವ ತನಕ ಅವರು ಎಲ್ಲೂ ಕಾಣಲಿಲ್ಲ. ವಾಂತಿಯಾಗಿ ಅವ್ವ ಎಲ್ಲಿಯಾದರೂ ಇಳಿದಿದ್ದಾಳೋ, ಕೈ ಜಾರಿ ಬಿದ್ದಿದ್ದಾಳೋ ಎಂದು ಅವಳ ಜೀವ ಕೈಯಲ್ಲಿತ್ತು. ಅಂಕಲಿಯ ಹತ್ತಿರ ಕೃಷ್ಣೆಯ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಪಕ್ಕದಲ್ಲಿ ಕೆಂಪು ಗಾಡಿ ಕಂಡಿತು. ಚಹಾಕ್ಕೆ ಎಲ್ಲೋ ನಿಂತು ಹಿಂದೆ ಬಿದ್ದಿದ್ದರೆಂದು ಕಾಣುತ್ತದೆ. ಗಂಟು ಪೆಟ್ರೋಲ್ ಟ್ಯಾಂಕಿನ ಮೇಲೆ ಹೋಗಿತ್ತು. ಅವ್ವನ ಕೈ ಅಳಿಯನ ಹೆಗಲ ಮೇಲಿತ್ತು. ಸೆರಗು ಜಾರಿ ಬೆನ್ನಿಗೆ ಬಿದ್ದಿತ್ತು, ಬಿಳಿಗೂದಲು ಗಾಳಿಗೆ ಹಾರುತ್ತಿತ್ತು, ಅದರ ಪರಿವೆಯೇ ಇಲ್ಲದೆ ಅವಳು ಹೊಳೆಯ ನೀರನ್ನು ನೋಡುತ್ತ ಬಾಯಿ ತುಂಬ ಏನೋ ಹೇಳುತ್ತಿದ್ದಳು. ಅವ್ವನ ತಲೆಗೂದಲು ಹಾಗೆ ಹಾರುವುದನ್ನು ನೀಲಮ ಹುಟ್ಟಿದಂದಿನಿಂದ ನೋಡಿರಲಿಲ್ಲ.

"ಅವ್ವಾ!" ಎಂದು ಕಿಟಕಿಯಿಂದ ಕೂಗಿದಳು. ಕೇಳಿಸಲಿಲ್ಲ. ಗಾಡಿ ಬಸ್ಸನ್ನು ದಾಟಿ ಮುಂದೆ ಹೋಯಿತು.

ಇಷ್ಟು ವರ್ಷ ಎಷ್ಟು ಕಾರಿನಲ್ಲಿ ಕೂತು ನೋಡಿದೆ, ಎಲ್ಲದರಲ್ಲೂ ಮುಂದಿನ ಸೀಟಿನಲ್ಲೇ, ಎಂದುಕೊಂಡಳು ನೀಲಮ. ಅವ್ವನನ್ನು ಅಲ್ಲಿ ಕೂರಿಸಿದೆ, ಗಂಡನ ಕೈಗೆ ಸ್ಟೇರಿಂಗ್ ಕೊಟ್ಟೆ. ನಾನು ಎಲ್ಲಿದ್ದೆ? ಹಿಂದಿನ ಸೀಟಿನಲ್ಲಿ ಒಂದು ಸಲವಾದರೂ ಕೂತು ನೋಡಿದೆನೇ? ಅಲ್ಲಿಂದ ಅವ್ವನ ಹೆಗಲು ಕೈಗೆಟುಕುತ್ತದೆಯೇ, ಅವಳು ಆಡಿದ ಮಾತು ಕೇಳಿಸುತ್ತದೆಯೇ ಎಂದು ನೋಡಿದೆನೇ? ಅವ್ವ ಈಗ ಹೊಳೆಯನ್ನು ನೋಡಿ ಏನಂದಳೋ, ಅದು ನನಗಲ್ಲ, ಗಂಡನಿಗೆ ಗೊತ್ತು. ನೀಲಮಳಿಗೆ ಗಂಡನ ಮೇಲೆ ಒಂದಿಷ್ಟು ಹೊಟ್ಟೆಕಿಚ್ಚಾಯಿತು. ಕಣ್ಣಲ್ಲಿ ನೀರು ತುಂಬಿ ಬಂತು.

ಪಕ್ಕದ ಹೆಂಗಸು ಅವಳ ಮುಖ ನೋಡಿ, "ವಾಂತಿ ಬಂದಂಗ ಆಗತೈತೇನ್ರಿ? ತಗೋರಿ, ಲಿಂಬಿಹಣ್ಣ ಮೂಸರಿ" ಎಂದು ಚೀಲದಿಂದ ತೆಗೆದು ಕೊಟ್ಟಳು. ನೀಲಮ ಬೇಡವೆನ್ನಲಿಲ್ಲ. ಚಿಕ್ಕೋಡಿಯ ತನಕ ಅದನ್ನು ಮೂಗಿಗೆ ಹಿಡಿದುಕೊಂಡು ಅತ್ತಳು.

ಬಸ್ ಸ್ಟ್ಯಾಂಡಿನಿಂದ ಬಿರಬಿರನೆ ನಡೆದು ಬಂದಳು. ಮನೆಗೆ ಮೊದಲ ಸಲ ಬರುವ ಅವ್ವನನ್ನು ತಾನು ಬಾಗಿಲಲ್ಲಿ ನಿಂತು ಕರೆದುಕೊಳ್ಳಬೇಕಿತ್ತು, ಕಾಲಿಗೆ ನೀರು ಕೊಡಬೇಕಿತ್ತು. ಅದೂ ತಪ್ಪಿತಲ್ಲ ಎಂದು ಕೊರಗುತ್ತ ಗಲ್ಲಿ ತಿರುಗಿದರೆ, ಕೆಂಪು ಗಾಡಿ ಗೋಡೆಗೆ ಒರಗಿ ನಿಂತಿತ್ತು. ಬಾಗಿಲು ತೆರೆದಿತ್ತು. ಅವಳು ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಒಳಗಿನಿಂದ ದನಿ ಬಂತು.

"ನಿಂದ್ರ ಅಲ್ಲೇ, ಹೊಸ್ತಿಲಾ ದಾಟಬ್ಯಾಡ!"

ಭೀಮಾಬಾಯಿ ಹೊರಗೆ ಬಂದಳು. ಗಂಟಿನಲ್ಲಿ ಕಟ್ಟಿ ತಂದಿದ್ದ ರೊಟ್ಟಿಯ ತುಣುಕು ಒಂದು ಕೈಯಲ್ಲಿ, ನೀಲಮಳದೇ ಅಡುಗೆಮನೆಯ ತಂಬಿಗೆ ಇನ್ನೊಂದು ಕೈಯಲ್ಲಿ. ಮಗಳ ಮುಖದ ಸುತ್ತ ನಿವಾಳಿಸಿದಳು, ತುಣುಕನ್ನು ಗಲ್ಲಿಗೆ ಎಸೆದಳು, ನೀರು ಚೆಲ್ಲಿದಳು.

ಒಳಗಿನಿಂದ ಜ್ಞಾನದೇವ ಕೂಗಿ ಹೇಳಿದ: "ನೀಲಾ, ಅತ್ತಿಯವ್ರಿಗೆ ಒಂದು ಸಲನೂ ವಾಂತಿ ಆಗ್ಲಿಲ್ಲ! ಇನ್ನ ಕಾರ್ ಯಾಕ ಬೇಕು ಅಂತಾರ."

"ಬೇಕ್ರಿ" ಎಂದಳು ನೀಲಮ, ಹೊಸ್ತಿಲಾಚೆಯಿಂದಲೇ. "ಹಿಂದ ನಾನೂ ಕುಂಡ್ರಬೇಕು."

ಅವ್ವ ಬೆಳಿಗ್ಗೆಯಷ್ಟೇ ನೋಡಿದ್ದ ಮಗಳ ಗದ್ದ ಹಿಡಿದು, ಮುಖ ಎತ್ತಿ ನೋಡಿದಳು.

"ಎಷ್ಟ ಸೊರಗಿಯಲ್ಲಬೇ!" ಎಂದಳು. "ಒಳಗ ಬಾ."